ಗೇಟಿನಲ್ಲಿ ಉಳಿದ ಕೊನೆಯ ಮಗು

ಶಾಲೆ ಬಿಟ್ಟ ಮೇಲೆ ಗೇಟಿನ ಬಳಿ ಕೊನೆಗೆ ಉಳಿಯುವ ಮಗು ಯಾರ ಹೊಣೆ ಎಂಬ ಪ್ರಶ್ನೆಯನ್ನು ಇದುವರೆಗೆ ಯಾವ ಶಾಸ್ತ್ರಕಾರರೂ ಕೈಗೆತ್ತಿಕೊಂಡಿಲ್ಲ. ರಾಜ್ಯಗಳು ಹೇಗೆ ಹುಟ್ಟುತ್ತವೆ, ಹೇಗೆ ಮಣ್ಣುಗೂಡುತ್ತವೆ ಎಂಬುದರ ಮೇಲೆ ದಪ್ಪ ದಪ್ಪ ಪುಸ್ತಕಗಳಿವೆ. ಆದರೆ ಎಲ್ಲ ಮಕ್ಕಳೂ ಹೋಗಿ, ಒಂದೇ ಒಂದು ಮಗು ನೀರಿನ ಬಾಟಲಿಯ ಪಟ್ಟಿ ಕಚ್ಚುತ್ತ ಕಲ್ಲುಬೆಂಚಿನ ಮೇಲೆ ಕೂತಾಗ, ಪಕ್ಕದಲ್ಲಿ ನಿಂತ ಮೇಷ್ಟ್ರ ಎದೆಯಲ್ಲಿ ಏಳುವ ಸಿಟ್ಟಿನ ಬಗ್ಗೆ ಒಂದು ಕರಪತ್ರವೂ ಅಚ್ಚಾಗಿಲ್ಲ. ಅಂಥ ಒಂದು ಸಿಟ್ಟು ಎರಡು ಶಾಲೆ, ಒಂದು ಪೊಲೀಸ್ ಠಾಣೆ ಮತ್ತು ಇಡೀ ಒಂದು ಇಲಾಖೆಯನ್ನು ಅಲ್ಲಾಡಿಸಿದ ಬಗೆಯನ್ನು ಇಲ್ಲಿ ದಾಖಲಿಸದೆ ಬಿಟ್ಟರೆ ಮುಂದಿನ ತಲೆಮಾರು ನಮ್ಮನ್ನು ಕ್ಷಮಿಸಲಾರದು.

ಆ ಸಿಟ್ಟಿನ ಯಜಮಾನರನ್ನು ಶಾಲೆಯಲ್ಲಿ ಎಲ್ಲರೂ ಹೊಸ ಮೇಷ್ಟ್ರು ಎನ್ನುತ್ತಿದ್ದರು. ಮುಂದಲೆಯ ಕೂದಲು ಆಗಲೇ ಹಿಂದಕ್ಕೆ ಹೆಜ್ಜೆ ಹಾಕಿದ್ದ ಆ ಮನುಷ್ಯನಲ್ಲಿ ಹೊಸದು ಅಂತ ಇದ್ದದ್ದು ಕೆಲಸ ಮತ್ತು ಬೂಟು, ಎರಡೇ. ಅದಕ್ಕೆ ಮೊದಲು ಅವರು ಮಾವನ ಹಾರ್ಡ್‌ವೇರ್ ಅಂಗಡಿಯಲ್ಲಿ ಮೊಳೆ ತೂಗುತ್ತಿದ್ದರು. ಮೊಳೆ ತೂಗುತ್ತಲೇ ಓದಿ, ಎರಡು ಸಲ ಫೇಲಾಗಿ, ಮೂರನೆಯ ಸಲ ಪಾಸಾಗಿ, ಎರಡನೇ ತರಗತಿಯ ಮೇಷ್ಟ್ರಾದರು. ಒಂದು ವರ್ಷ ಪ್ರೊಬೇಷನ್. ಹೆಡ್‌ಮೇಡಂ ಒಳ್ಳೆಯ ಮಾತು ಬರೆದರೆ ಕೆಲಸ ಕಾಯಂ, ಬರೆಯದಿದ್ದರೆ ಮತ್ತೆ ಮೊಳೆ. ಮಾವ ಬೀಳ್ಕೊಡುವಾಗ, "ಹೋಗ್ಬನ್ನಿ ಅಳಿಯಂದಿರೇ, ನಿಮ್ಮ ಜಾಗಕ್ಕೆ ಯಾರನ್ನೂ ತಗೊಳ್ಳಲ್ಲ," ಎಂದಿದ್ದರು. ಅದನ್ನು ಆಶೀರ್ವಾದ ಎಂದು ತಿಳಿದವರು ಮೇಷ್ಟ್ರ ಹೆಂಡತಿ ಒಬ್ಬಳೇ. ಮೇಷ್ಟ್ರಿಗೆ ಮಾತ್ರ ಅದು ಬೆದರಿಕೆಯಂತೆಯೇ ಕೇಳಿಸಿತು, ಮತ್ತು ಅದು ಬೆದರಿಕೆಯೇ ಆಗಿತ್ತು.

ಹೆಡ್‌ಮೇಡಂ ಮೊದಲ ದಿನವೇ ಎರಡು ನಿಯಮ ಹೇಳಿದರು. ಒಂದು, ಮೇಷ್ಟ್ರ ಸ್ವಂತ ಮಗು ಆ ಶಾಲೆಯಲ್ಲಿ ಓದುವಂತಿಲ್ಲ. ಓದಿದರೆ ಮಗುವೂ ಕೆಡುತ್ತದೆ, ಮೇಷ್ಟ್ರೂ ಕೆಡುತ್ತಾರೆ. ಎರಡನೆಯದನ್ನು ಅವರು ಕನ್ನಡಕ ತೆಗೆದು ಹೇಳಿದರು. ಕನ್ನಡಕ ತೆಗೆದು ಅವರು ಹೇಳಿದ್ದು ಯಾವುದೂ ಇದುವರೆಗೆ ಸುಳ್ಳಾಗಿರಲಿಲ್ಲ.

"ಕೊನೇ ಮಗು ಮನೆಯವರ ಕೈ ಸೇರೋ ತನಕ ಕ್ಲಾಸ್ ಟೀಚರ್ ಗೇಟ್ ದಾಟೋ ಹಾಗಿಲ್ಲ. ದಾಟಿದ್ರೆ ವಾಪಸ್ ಬರೋ ತೊಂದರೆ ತಗೋಬೇಡಿ."

ಹೀಗಾಗಿ ಮೇಷ್ಟ್ರ ಮಗ ಪುಟ್ಟ ಅದೇ ರಸ್ತೆಯ ಇನ್ನೊಂದು ತುದಿಯ ಶಾಲೆಯಲ್ಲಿ ಒಂದನೇ ತರಗತಿಗೆ ಸೇರಿದ. ಹೆಂಡತಿ ಆಸ್ಪತ್ರೆಯಲ್ಲಿ ನರ್ಸು, ಮಧ್ಯಾಹ್ನದ ಪಾಳಿ. ಪುಟ್ಟನನ್ನು ಬಿಡುವುದೂ ಕರೆತರುವುದೂ ಮೇಷ್ಟ್ರ ಪಾಲಿಗೆ ಬಂತು.

ಒಬ್ಬ ಮನುಷ್ಯ ಏಕಕಾಲಕ್ಕೆ ಮೇಷ್ಟ್ರೂ ತಂದೆಯೂ ಆಗುವುದು ಸುಲಭವೆಂದು ತಿಳಿದವರು ಆ ಮನೆಯ ಬೆಳಗನ್ನು ನೋಡಬೇಕಿತ್ತು. ಮೂವತ್ತೆಂಟು ಮಕ್ಕಳ ಲೆಕ್ಕದ ಪುಸ್ತಕ ಪುಟ್ಟನ ಚೀಲಕ್ಕೆ ಹೋಗುತ್ತಿತ್ತು, ಪುಟ್ಟನ ಊಟದ ಡಬ್ಬಿ ಮೇಷ್ಟ್ರ ಚೀಲಕ್ಕೆ. ಒಂದು ದಿನ ಅವರು ತರಗತಿಯಲ್ಲಿ ಗಂಭೀರವಾಗಿ ಚೀಲಕ್ಕೆ ಕೈಹಾಕಿ ಮಗನ ಒದ್ದೆ ಚಡ್ಡಿಯನ್ನು ಎತ್ತಿ ಹಿಡಿದು, "ಇದು ಯಾರದು?" ಎಂದು ಕೇಳಿದ್ದರು. ಮನೆಯಲ್ಲಿ ಹೆಂಡತಿ ಎರಡು ಮಾತು ಒಟ್ಟಿಗೆ ಆಡಿದರೆ, "ಕೈ ಎತ್ತಿ ಮಾತಾಡು," ಎನ್ನುತ್ತಿದ್ದರು. "ನಾನು ಕೈ ಎತ್ತಿದ್ರೆ ನೀವು ಉಳಿಯಲ್ಲ ಕಣ್ರೀ," ಎನ್ನುತ್ತಿದ್ದಳು ಅವಳು. ಮಗನ ಮನೆಕೆಲಸವನ್ನು ತಾವೇ ಕೂತು ಬರೆದು, ಬರೆದದ್ದಕ್ಕೆ ಅಭ್ಯಾಸಬಲದಿಂದ ಕೆಂಪು ಶಾಯಿಯಲ್ಲಿ 'ಗಮನ ಸಾಲದು' ಎಂದು ತಾವೇ ಷರಾ ಹಾಕಿದ್ದೂ ಉಂಟು.

ಮೊದಮೊದಲು ಸಂಜೆ ಹೇಗೋ ಸಾಗಿತು. ಗೇಟಿನವನು ಹೊರಗೆ ಬಂದವರನ್ನು ನೋಡಿ ಮಕ್ಕಳ ಹೆಸರು ಕೂಗುತ್ತಿದ್ದ. ಮೇಷ್ಟ್ರು ಮರದಡಿಯಲ್ಲಿ ಉಳಿದ ಮಕ್ಕಳನ್ನು ಸಾಲು ನಿಲ್ಲಿಸುತ್ತಿದ್ದರು. ಒಂದಿಬ್ಬರು ತಡವಾಗುತ್ತಿತ್ತು. ಆಮೇಲೆ ಮೇಷ್ಟ್ರು ಓಡುತ್ತಿದ್ದರು. ಆ ಕಡೆಯ ಶಾಲೆಯಲ್ಲಿ ಆಯಾ ಒಬ್ಬಳು ಪುಟ್ಟನನ್ನು ಮೆಟ್ಟಿಲ ಮೇಲೆ ಕೂರಿಸಿಕೊಂಡು ಇರುತ್ತಿದ್ದಳು, ಏನೂ ಅನ್ನುತ್ತಿರಲಿಲ್ಲ. ಅನ್ನದವರ ಎದುರು ಮನುಷ್ಯನಿಗೆ ಸುಳ್ಳು ಹೇಳುವ ಅಗತ್ಯ ಬೀಳುವುದಿಲ್ಲ.

ಅಗತ್ಯ ಬಿದ್ದದ್ದು ಆಯಾ ರಜೆ ಹಾಕಿದ ದಿನ. ಅಂದು ಮೆಟ್ಟಿಲ ಮೇಲೆ ಪುಟ್ಟನ ಮಿಸ್ ನಿಂತಿದ್ದರು. ಒಂದು ಕೈಯಲ್ಲಿ ಪುಟ್ಟ, ಇನ್ನೊಂದು ಕೈಯಲ್ಲಿ ಹೆಲ್ಮೆಟ್ಟು, ಮುಖದಲ್ಲಿ ಕುದಿಯುವ ನೀರು. ಮಗುವನ್ನು ಹುಟ್ಟಿಸುವಾಗ ಇದ್ದ ಉತ್ಸಾಹ ಕರಕೊಂಡು ಹೋಗುವಾಗಲೂ ಇರಬೇಕು, ತನಗೂ ಒಂದು ಮಗು ಇದೆ, ಇವತ್ತು ಅದನ್ನು ಕರೆತರಲು ಬೇರೆಯವರನ್ನು ಕಳಿಸಬೇಕಾಯಿತು, ಇಷ್ಟಕ್ಕೂ ಸರ್ ಮಾಡುವ ಘನಂದಾರಿ ಕೆಲಸ ಏನು ಎಂದು ಅವರು ಒಂದೇ ಉಸಿರಿಗೆ ವಿಚಾರಿಸಿದರು.

ತಾನೂ ಒಬ್ಬ ಮೇಷ್ಟ್ರು ಎಂದರೆ ಮುಗಿದುಹೋಗುತ್ತಿತ್ತು. ಆದರೆ ಬೆಳಗ್ಗೆಯಷ್ಟೇ ಅವರು ತಡವಾಗಿ ಬಂದ ಮೂರು ಮಕ್ಕಳಿಗೆ ಸಮಯಪಾಲನೆಯ ಮಹತ್ವವನ್ನು ವಿವರಿಸಿ ಬಂದಿದ್ದರು. ಮೇಷ್ಟ್ರೇ ತಡವಾಗಿ ಬಂದರು ಅನ್ನಿಸಿಕೊಳ್ಳುವುದು ಹೇಗೆ? ಬಾಯಿ ತಾನಾಗಿಯೇ ತೆರೆಯಿತು.

"ಶಿಕ್ಷಣ ಇಲಾಖೆ. ಇನ್‌ಸ್ಪೆಕ್ಷನ್ ಇತ್ತು."

ಮಿಸ್ ಬಾಯಿ ಮುಚ್ಚಿದರು. ಮೇಷ್ಟ್ರಿಗೆ ಹಾಯೆನಿಸಿತು. ಜಗತ್ತಿನಲ್ಲಿ ನಾಲ್ಕೇ ಶಬ್ದಕ್ಕೆ ಇಷ್ಟೊಂದು ಮೌನ ಸಿಗುತ್ತದೆಂದು ಮೊಳೆ ತೂಗುವಾಗ ಅವರಿಗೆ ಗೊತ್ತಿರಲಿಲ್ಲ.

ಆ ಶಬ್ದಗಳು ಮಿಸ್ ಬಾಯಿಂದ ಪ್ರಿನ್ಸಿಪಾಲರ ಕಿವಿಗೆ ಹೋದವು. ಪ್ರಿನ್ಸಿಪಾಲರು ಮರುದಿನವೇ ಆಯಾಳನ್ನು ಆ ಕೆಲಸದಿಂದ ಬಿಡಿಸಿದರು. ಇನ್‌ಸ್ಪೆಕ್ಟರ್ ಸಾಹೇಬರ ಮಗನನ್ನು ಆಯಾ ಹಿಡಿದು ನಿಲ್ಲುವುದೇ? ಸಾಹೇಬರು ಎಷ್ಟು ಹೊತ್ತಿಗೆ ಬಂದರೂ ಸರಿ, ಅಲ್ಲಿಯತನಕ ಮಿಸ್ ಖುದ್ದಾಗಿ ಮಗುವಿನ ಕೈಹಿಡಿದು ನಿಲ್ಲತಕ್ಕದ್ದು, ನಗುಮುಖದಲ್ಲಿ ನಿಲ್ಲತಕ್ಕದ್ದು ಎಂದು ಅಪ್ಪಣೆಯಾಯಿತು. ಮಿಸ್ ನಿಂತರು. ನಗುಮುಖ ಅವರ ಕೈಲಾಗಲಿಲ್ಲ, ಹಲ್ಲು ಕಾಣಿಸಿದರು.

ಅದೇ ವಾರದಿಂದ ಹೊಸ ಮೇಷ್ಟ್ರ ಮರದಡಿಯಲ್ಲಿ ಒಂದು ವಿಚಿತ್ರವಾಯಿತು. ಎರಡನೇ ತರಗತಿಯಲ್ಲಿ ಒಬ್ಬಳು ಹುಡುಗಿ. ಎರಡು ಜಡೆ, ಹಲ್ಲು ಬಿದ್ದ ಬಾಯಿ, ಯಾವ ಮಾತಿಗೂ ಎದುರು ವಾದ. ಅವಳಿಗೆ ಮೇಷ್ಟ್ರು ಇಟ್ಟ ಹೆಸರು ಲಾಯರಮ್ಮ. ಅದುವರೆಗೆ ಅವಳದು ಏನೂ ತಕರಾರಿರಲಿಲ್ಲ. ಸ್ವಲ್ಪ ತಡವಾಗಿ ಕಾಂಪೌಂಡಿನ ಆಚೆ ಸ್ಕೂಟರಿನ ಹಾರ್ನ್ ಆಗುತ್ತಿತ್ತು, ಗೋಡೆಯ ಮೇಲೆ ಒಂದು ಹೆಲ್ಮೆಟ್ಟು ಮಾತ್ರ ಕಾಣುತ್ತಿತ್ತು, ಹುಡುಗಿ ಓಡುತ್ತಿದ್ದಳು. ಪೋಷಕರ ಸಭೆ ಇನ್ನೂ ನಡೆದಿರಲಿಲ್ಲವಾದ್ದರಿಂದ ಹೆಲ್ಮೆಟ್ಟಿನ ಒಳಗಿನ ಮುಖವನ್ನು ಮೇಷ್ಟ್ರು ಕಂಡಿರಲಿಲ್ಲ. ಈಗ ಹೆಲ್ಮೆಟ್ಟು ಬರುವುದು ನಿಂತಿತು. ಬದಲಿಗೆ ಒಬ್ಬ ತಾತ ಬರತೊಡಗಿದರು. ಬರತೊಡಗಿದರು ಎಂದರೆ ರಸ್ತೆಯ ತಿರುವಿನಲ್ಲಿ ಕಾಣಿಸಿಕೊಳ್ಳುತ್ತಿದ್ದರು. ಅಲ್ಲಿಂದ ಗೇಟಿಗೆ ತಲಪುವಷ್ಟರಲ್ಲಿ ಮೇಷ್ಟ್ರು ಒಂದು ಇಡೀ ತರಗತಿಯ ಲೆಕ್ಕ ತಿದ್ದಬಹುದಿತ್ತು.

ಇನ್ನು ಲಾಯರಮ್ಮನನ್ನೇ ವಿಚಾರಿಸಬೇಕಾಯಿತು.

"ನಿಮ್ಮಮ್ಮ ಯಾಕೆ ಬರಲ್ಲ?"

"ಕೆಲಸ ಇದೆ."

"ಸ್ಕೂಲ್ ಬಿಡೋ ಹೊತ್ತಿಗೆ ಏನು ಕೆಲಸ?"

"ಕಾಯೋದು."

"ಏನನ್ನ?"

"ಯಾರದೋ ಮಗನ್ನ. ಅವರಪ್ಪ ದೊಡ್ಡ ಆಫೀಸರಂತೆ. ಅವರು ಬರೋವರೆಗೂ ಅಮ್ಮ ಅವನ ಕೈ ಬಿಡೋ ಹಾಗಿಲ್ಲ. ಸರ್, ನೀವು ಯಾಕೆ ಹೋಗಲ್ಲ?"

"ನೀನು ಹೋಗೋವರೆಗೂ ನಾನು ಹೋಗೋ ಹಾಗಿಲ್ಲ."

"ಹಾಗಾದ್ರೆ ನಿಮ್ಮದೂ ಅದೇ ಕೆಲಸ," ಎಂದಳು ಲಾಯರಮ್ಮ, ತೀರ್ಪು ಕೊಡುವವಳಂತೆ.

ಮೇಷ್ಟ್ರಿಗೆ ಎಲ್ಲ ಅರ್ಥವಾಯಿತು. ಎಲ್ಲ ತಪ್ಪಾಗಿ ಅರ್ಥವಾಯಿತು ಎಂಬುದು ಬೇರೆ ಮಾತು. ಪಾಪದ ಹೆಂಗಸು ಯಾವನೋ ಅಧಿಕಾರಿಯ ಬಂಗಲೆಯಲ್ಲಿ ಮಗು ನೋಡಿಕೊಳ್ಳುವ ಕೆಲಸಕ್ಕಿದ್ದಾಳೆ. ಆ ಮದವೇರಿದ ಮನುಷ್ಯ ಕ್ಲಬ್ಬಿನಲ್ಲಿ ಕೂತು ಇಸ್ಪೀಟಾಡುತ್ತ ಹೊತ್ತು ಕಳೆಯುತ್ತಾನೆ. ಅವನು ಮನೆಗೆ ಬರದಿದ್ದರೆ ಅವಳು ಬಿಡುವ ಹಾಗಿಲ್ಲ, ಅವಳು ಬಾರದಿದ್ದರೆ ತಾತ ಬರಬೇಕು, ತಾತ ಬರುವಷ್ಟರಲ್ಲಿ ಇಲ್ಲಿ ಒಬ್ಬ ಮೇಷ್ಟ್ರ ಪ್ರಾಣ ಹೋಗುತ್ತದೆ. ಮೇಷ್ಟ್ರು ಆ ಅಧಿಕಾರಿಯನ್ನು ಮನಸ್ಸಿನಲ್ಲೇ ಬರಮಾಡಿಕೊಂಡು, ಹೊಟ್ಟೆ, ಮೀಸೆ, ಉಂಗುರಗಳನ್ನು ಕೊಟ್ಟು, ಕುರ್ಚಿಯಲ್ಲಿ ಕೂರಿಸಿ ಬೈದರು. ತಾತ ಬಂದಾಗ ಅವರ ಮುಂದೆಯೂ ಬೈದರು.

ತಾತನಿಗೆ ಬಹಳ ಸಮಾಧಾನವಾಯಿತು. "ಸರಿಯಾಗಿ ಹೇಳಿದ್ರಿ ಮೇಷ್ಟ್ರೇ. ನನ್ನ ಸೊಸೆ ದಿನಾ ಮನೆಗೆ ಬಂದು ಅವನನ್ನ ಬೈದು ಆಮೇಲೇ ಕೈಕಾಲು ತೊಳಿಯೋದು. ನಾಚಿಕೆ ಇಲ್ಲದ ಪ್ರಾಣಿ. ನನ್ನ ಮಧ್ಯಾಹ್ನದ ನಿದ್ದೆ ಹಾಳುಮಾಡಿದ."

"ಅಂಥವನ ಮುಖಕ್ಕೆ ಹೇಳಬೇಕು ತಾತ."

"ಸಿಕ್ಕಿದ್ರೆ ಹೇಳಿ. ನನ್ನ ಪರವಾಗೀನೂ ಎರಡು ಹೇಳಿ."

ಹೀಗೆ ಇಬ್ಬರೂ ಒಂದೇ ಮನುಷ್ಯನನ್ನು ಪಾಲು ಮಾಡಿಕೊಂಡು ಬೈದು ಹಗುರಾಗಿ, ತಾತ ಮೊಮ್ಮಗಳೊಂದಿಗೆ ತಿರುವಿನ ಕಡೆಗೂ ಮೇಷ್ಟ್ರು ಓಟದಲ್ಲಿ ಮಗನ ಕಡೆಗೂ ಹೊರಡುತ್ತಿದ್ದರು. ಮೇಷ್ಟ್ರು ಎಷ್ಟು ತಡವಾದರೆ ಮಿಸ್ ಅಷ್ಟು ಹೊತ್ತು ನಿಲ್ಲಬೇಕು, ಮಿಸ್ ನಿಂತಿದ್ದರೆ ತಾತನೇ ಬರಬೇಕು, ತಾತ ಬರುವತನಕ ಮೇಷ್ಟ್ರಿಗೆ ಬಿಡುಗಡೆಯಿಲ್ಲ. ಗಾಣದ ಎತ್ತಿಗಾದರೂ ತಾನು ಸುತ್ತುತ್ತಿರುವುದು ಗೊತ್ತಿರುತ್ತದೆ.

ಆ ಕಡೆಯ ಶಾಲೆಯಲ್ಲಿ ಇನ್ನೊಂದು ಗಂಡಾಂತರ ಕಾದಿತ್ತು. ಪ್ರಿನ್ಸಿಪಾಲರು ಇನ್‌ಸ್ಪೆಕ್ಟರ್ ಸಾಹೇಬರನ್ನು ಬರಿಗೈಯಲ್ಲಿ ಕಳಿಸುವವರಲ್ಲ. ಕಾಫಿ, ಬಿಸ್ಕತ್ತು, ಕುಷನ್ ಹಾಕಿದ ಕುರ್ಚಿ. ಜೊತೆಗೆ ಹೊಸ ಶೌಚಾಲಯದ ಕಟ್ಟಡಕ್ಕೆ ಇಲಾಖೆಯ ಒಪ್ಪಿಗೆ ಬಂದಿಲ್ಲವೆಂಬ ಅಳಲು. ಮೇಷ್ಟ್ರು ಹೋಗಿ ನೋಡಲೇಬೇಕಾಯಿತು. ಕೈ ಬೆನ್ನ ಹಿಂದೆ ಕಟ್ಟಿ ನೋಡಿದರು. ಬಾಗಿಲ ಅಗುಳಿಯನ್ನು ಎಳೆದು, ಇದಕ್ಕೆ ಹಾಕಿದ ಸ್ಕ್ರೂ ಚಿಕ್ಕದಾಯಿತು, ಆರು ತಿಂಗಳಲ್ಲಿ ಕೈಗೆ ಬರುತ್ತದೆ ಎಂದರು. ಇಡೀ ಬದುಕಿನಲ್ಲಿ ಅವರಿಗೆ ಖಚಿತವಾಗಿ ಗೊತ್ತಿದ್ದ ವಿಷಯ ಅದೊಂದೇ. ಇಷ್ಟು ಸೂಕ್ಷ್ಮವಾಗಿ ತಪಾಸಣೆ ಮಾಡುವ ಅಧಿಕಾರಿಯನ್ನು ತನ್ನ ಸರ್ವಿಸ್ಸಿನಲ್ಲೇ ಕಂಡಿಲ್ಲವೆಂದು ಪ್ರಿನ್ಸಿಪಾಲರು ಬೆವರಿದರು. ಮರುದಿನ ಎಲ್ಲ ಅಗುಳಿಗಳೂ ಬದಲಾದವು. ಸ್ಕ್ರೂಗಳನ್ನು ಮಾವನ ಅಂಗಡಿಯಿಂದಲೇ ತಂದರು. ಅಳಿಯ ಹೋದ ಮೇಲೆ ವ್ಯಾಪಾರ ಕುದುರಿತು ಎಂದು ಮಾವ ಮಗಳಿಗೆ ಫೋನ್ ಮಾಡಿ ತಿಳಿಸಿದರು.

ಇಷ್ಟರಲ್ಲಿ ಮಿಸ್ಸಿಗೂ ಒಂದು ಉಪಾಯ ಹೊಳೆಯಿತು. ಬೈಯುವಂತಿಲ್ಲದ ಅಧಿಕಾರಿಯಿಂದ ಕೆಲಸವನ್ನಾದರೂ ಮಾಡಿಸಿಕೊಳ್ಳಬೇಕು. ಒಂದು ಸಂಜೆ ಪುಟ್ಟನ ಕೈಯನ್ನು ಒಪ್ಪಿಸುತ್ತ ಹಲ್ಲು ಕಾಣಿಸಿ, ಒಂದು ದೂರಿದೆ ಎಂದರು. ತನ್ನ ಮಗಳ ಶಾಲೆಯಲ್ಲಿ ಯಾವನೋ ಹೊಸದಾಗಿ ಬಂದ ಮೇಷ್ಟ್ರು. ದಿನವೂ ವಯಸ್ಸಾದ ಮಾವನನ್ನು ಗೇಟಿನಲ್ಲಿ ನಿಲ್ಲಿಸಿಕೊಂಡು ಹರಟೆ ಹೊಡೆಯುತ್ತಾನಂತೆ. ತನ್ನನ್ನು ಯಾರದೋ ಮನೆಯ ಕೆಲಸದವಳು ಎಂದು ತಿಳಿದು, ಪಾಪ ಪಾಪ ಅನ್ನುತ್ತಾನಂತೆ. ಯಾರಿಗೆ ಬೇಕು ಅವನ ಪಾಪ?

ಮೇಷ್ಟ್ರು ಕೆಂಡವಾದರು. ಇಂಥ ತಲೆಹರಟೆಗಳಿಂದಲೇ ಇಡೀ ವೃತ್ತಿಗೆ ಕೆಟ್ಟ ಹೆಸರು ಎಂದರು. ಹೊಸಬನಿಗೆ ಒಂದು ಮೆಮೊ ಬಿದ್ದರೆ ನೆಟ್ಟಗಾಗುತ್ತಾನೆ ಎಂದರು. ಯಾವ ಶಾಲೆ, ಹೇಳಿ, ನಾಳೆಯೇ ವಿಚಾರಿಸಿಕೊಳ್ಳುತ್ತೇನೆ ಎಂದರು.

ಮಿಸ್ ಅವರನ್ನು ತಡೆದರು. "ಬೇಡ ಸರ್. ನನ್ನ ಮಗಳು ಅಲ್ಲೇ ಓದಬೇಕು. ನಾಳೆ ಅವನು ಸಿಟ್ಟು ತೀರಿಸ್ಕೊಳ್ಳೋದು ಅವಳ ಮೇಲೆ."

"ನಿಮ್ಮ ಮಾತೂ ಸರಿ," ಎಂದು ಮೇಷ್ಟ್ರು ಒಪ್ಪಿದರು. ಅಂಥವನು ಮಾಡಿಯಾನು ಎಂದು ಅವರಿಗೂ ಅನ್ನಿಸಿತು.

ಮನೆಯಲ್ಲಿ ಮಾತ್ರ ಯಾರೂ ಯಾರನ್ನೂ ಒಪ್ಪುತ್ತಿರಲಿಲ್ಲ. ಎಲ್ಲ ಮಕ್ಕಳೂ ಹೋದ ಮೇಲೆ ಆಟದ ಬಯಲು ಎಷ್ಟು ದೊಡ್ಡದಾಗುತ್ತದೆ ಎಂದು ಪುಟ್ಟ ಅಮ್ಮನಿಗೆ ಕೈ ಅಗಲಿಸಿ ತೋರಿಸಿದ್ದ. ತೋರಿಸಿದ ಮೇಲೂ ಕೈಯನ್ನು ಇಳಿಸಿರಲಿಲ್ಲ. ಅದನ್ನು ಕಂಡ ದಿನ ಹೆಂಡತಿ ಪಾಳಿ ಮುಗಿಸಿ ಬಂದ ಯೂನಿಫಾರಮ್ಮಿನಲ್ಲೇ ನಿಂತು ಕೇಳಿದಳು.

"ಊರಿನ ಮಕ್ಕಳನ್ನ ಕಾಯೋದಕ್ಕೆ ನಿಮಗೆ ಸಂಬಳ ಕೊಡ್ತಾರೆ. ನಮ್ಮ ಮಗೂನ ಕಾಯಿಸೋದಕ್ಕೆ ಎಷ್ಟು ಕೊಡ್ತಾರೆ?"

ಉತ್ತರ ಹೊಳೆಯದಾಗ ಗಂಡಸರು ಮಾಡುವುದನ್ನೇ ಅವರೂ ಮಾಡಿದರು. ಗಟ್ಟಿಯಾಗಿ ಕೂಗಿದರು. ನಾನೇನು ಊರು ಸುತ್ತುತ್ತಿದ್ದೇನೆಯೇ, ಗೇಟು ದಾಟಿದರೆ ಕೆಲಸ ಹೋಗುತ್ತದೆ, ಕೆಲಸ ಹೋದರೆ ನಿಮ್ಮಪ್ಪನ ಮೊಳೆ, ಅದೇ ಬೇಕೇನು ನಿನಗೆ ಎಂದರು. ನಮ್ಮಪ್ಪನ ಮೊಳೆ ತಿಂದೇ ಇಷ್ಟು ವರ್ಷ ಬದುಕಿದ್ದು ಎಂದಳು ಅವಳು. ಗೋಡೆಯಾಚೆಯ ಮನೆಯ ನಿವೃತ್ತ ಗುಮಾಸ್ತರು ರೇಡಿಯೊ ಆರಿಸಿದರು. ಅವರಿಗೆ ಇದೇ ಸ್ಪಷ್ಟವಾಗಿ ಕೇಳಿಸುತ್ತಿತ್ತು.

ಒಂದು ಗುರುವಾರ ತಾತ ಮಂಚದಿಂದ ಇಳಿಯುವಾಗ ಕಾಲು ಉಳುಕಿಸಿಕೊಂಡರು. ಪ್ರಪಂಚದ ಉಳಿದ ಭಾಗಕ್ಕೆ ಇದು ಸಣ್ಣ ಸುದ್ದಿ.

ಆ ಸಂಜೆ ಮರದಡಿಯಲ್ಲಿ ಲಾಯರಮ್ಮ, ಪಕ್ಕದಲ್ಲಿ ಮೇಷ್ಟ್ರು. ತಿರುವಿನಲ್ಲಿ ತಾತನಿಲ್ಲ. ರಿಜಿಸ್ಟರಿನಲ್ಲಿ ಇದ್ದದ್ದು ಹುಡುಗಿಯ ಅಪ್ಪನ ನಂಬರೊಂದೇ, ಶಾಲೆಯ ಫೋನಿನಿಂದ ಅದಕ್ಕೆ ಪ್ರಯತ್ನಿಸಿದರು. ಔಷಧಿ ಮಾರುತ್ತ ಊರೂರು ತಿರುಗುವ ಆ ಮನುಷ್ಯ ಸಂಪರ್ಕಕ್ಕೆ ಸಿಗಲಿಲ್ಲ. ರಸ್ತೆಯ ಆ ತುದಿಯಲ್ಲಿ ಮಿಸ್ ಇದೇ ಹೊತ್ತಿಗೆ ಅಲ್ಲಿನ ರಿಜಿಸ್ಟರಿನಲ್ಲಿದ್ದ ಒಂದೇ ನಂಬರಿಗೆ, ಪುಟ್ಟನ ಅಮ್ಮನಿಗೆ, ಫೋನ್ ಮಾಡುತ್ತಿದ್ದರು. ಅವಳ ಫೋನು ಆಸ್ಪತ್ರೆಯ ಲಾಕರಿನಲ್ಲಿ ಕೂಗಿ ಕೂಗಿ ಸುಮ್ಮನಾಯಿತು. ಮಿಸ್ ಬಾರದೆ ಮೇಷ್ಟ್ರು ಕದಲುವಂತಿಲ್ಲ, ಮೇಷ್ಟ್ರು ಬಾರದೆ ಮಿಸ್ ಕದಲುವಂತಿಲ್ಲ. ಇಬ್ಬರೂ ಕರ್ತವ್ಯನಿಷ್ಠರು. ಹೀಗೆಯೇ ಬಿಟ್ಟಿದ್ದರೆ ಇಬ್ಬರೂ ನಿವೃತ್ತಿಯ ವಯಸ್ಸಿನ ತನಕ ಅಲ್ಲಲ್ಲೇ ನಿಂತಿರುತ್ತಿದ್ದರು, ಮಕ್ಕಳು ದೊಡ್ಡವರಾಗಿ ತಾವಾಗಿಯೇ ಮನೆಗೆ ಹೋಗುತ್ತಿದ್ದರು.

ಆದರೆ ಸಿಟ್ಟು ನಿಲ್ಲಗೊಡಲಿಲ್ಲ. ಮೇಷ್ಟ್ರು ಗೇಟಿನ ಕಬ್ಬಿಣದ ಸರಳನ್ನು ಹಿಡಿದು ಯೋಚಿಸಿದರು. ಅಲ್ಲಿ ಪುಟ್ಟ ಆ ದೊಡ್ಡ ಬಯಲಿನಲ್ಲಿ ಒಬ್ಬನೇ. ಇಲ್ಲಿ ತಾನು ಯಾವನೋ ಇಸ್ಪೀಟು ಆಫೀಸರನ ದೆಸೆಯಿಂದ ಕಂಬ. ಮಗುವನ್ನು ಬಿಟ್ಟು ಗೇಟು ದಾಟಬಾರದು ಎಂದಿದ್ದಾರೆ. ಕರಕೊಂಡು ದಾಟಬಾರದು ಎಂದು ಯಾರು ಹೇಳಿದ್ದಾರೆ?

"ನಡಿ," ಎಂದರು ಲಾಯರಮ್ಮನಿಗೆ.

"ಎಲ್ಲಿಗೆ?"

"ನನ್ನ ಮಗನ್ನ ಕರ್ಕೊಂಡು ಬರೋಣ. ಆಮೇಲೆ ಮತ್ತೆ ಇಲ್ಲೇ ಬಂದು ಕಾಯೋಣ."

"ನನಗೆ ಹೇಳದೆ ಕೇಳದೆ ಯಾರ ಜೊತೇನೂ ಹೋಗಬಾರದು ಅಂತ ಅಮ್ಮ ಹೇಳಿದಾರೆ."

"ನಾನು ಹೇಳ್ತಾ ಇದೀನಲ್ಲ."

ಲಾಯರಮ್ಮ ಸ್ವಲ್ಪ ಯೋಚಿಸಿ, ಮೊದಲ ಸಲ ಎದುರು ವಾದವಿಲ್ಲದೆ ಒಪ್ಪಿದಳು. ಗೇಟಿನವನು ನೋಡುನೋಡುತ್ತಿದ್ದಂತೆ ಇಬ್ಬರೂ ದಾಟಿದರು.

ಕೋಪ ಬಂದ ಇಬ್ಬರು ಬುದ್ಧಿವಂತರಿಗೆ ಒಂದೇ ಯೋಚನೆ ಬರುತ್ತದೆ. ಅದೇ ಗಳಿಗೆಯಲ್ಲಿ, ಮಾವನ ಕಾಲು ಉಳುಕಿದ ಸುದ್ದಿ ಫೋನಿನಲ್ಲಿ ತಿಳಿದಿದ್ದ ಮಿಸ್ ಪುಟ್ಟನನ್ನು ಸ್ಕೂಟರಿನ ಮುಂದೆ ನಿಲ್ಲಿಸಿಕೊಂಡು, ಇನ್‌ಸ್ಪೆಕ್ಟರನಾದರೂ ಸರಿ ಅವರ ಅಜ್ಜನಾದರೂ ಸರಿ, ನನ್ನ ಮಗಳು ಅಲ್ಲಿ ಒಬ್ಬಳೇ ಇದ್ದಾಳೆ ಎಂದು ಹೊರಟಿದ್ದರು. ಸ್ಕೂಟರು ಒನ್‌ವೇ ಎಂದು ಹಿಂದಿನ ರಸ್ತೆಯಲ್ಲಿ ಬಂತು. ಮೇಷ್ಟ್ರು ಅಂಗಡಿಸಾಲಿನ ಫುಟ್‌ಪಾತಿನಲ್ಲಿ ಹೋದರು. ಒಬ್ಬರಿಗೊಬ್ಬರು ಕಾಣಲಿಲ್ಲ.

ಮಿಸ್ ಬಂದು ಮರದಡಿ ನೋಡಿದರೆ ಬೆಂಚು ಖಾಲಿ. ಗೇಟಿನವನನ್ನು ಕೇಳಿದರು. ಹೊಸ ಮೇಷ್ಟ್ರು ಹುಡುಗಿಯ ಕೈಹಿಡಿದು ಎಲ್ಲಿಗೋ ಹೋದರು, ಮುಖ ನೋಡಿದರೆ ಸರಿಯಿರಲಿಲ್ಲ ಎಂದು ಅವನು ಪ್ರಾಮಾಣಿಕವಾಗಿ ಹೇಳಿದ. ಮಿಸ್ ಕಿರುಚಿದ್ದಕ್ಕೆ ಹೆಡ್‌ಮೇಡಂ ಹೊರಬಂದು ಕನ್ನಡಕ ತೆಗೆದರು.

ಆ ಕಡೆ ಮೇಷ್ಟ್ರು ಮೆಟ್ಟಿಲ ಬಳಿ ಬಂದರೆ ಅಲ್ಲಿ ಮಿಸ್ಸೂ ಇಲ್ಲ, ಪುಟ್ಟನೂ ಇಲ್ಲ. ಪ್ರಿನ್ಸಿಪಾಲರು ಬಿಸ್ಕತ್ತಿನ ತಟ್ಟೆ ಹಿಡಿದೇ ಓಡಿಬಂದು, ಮಿಸ್ ಮಗುವನ್ನು ಸ್ಕೂಟರಿನಲ್ಲಿ ಹಾಕಿಕೊಂಡು ಹೋದರು ಸರ್, ತಡೆದೆ ಸರ್, ನನ್ನನ್ನೇ ತಳ್ಳಿದರು ಸರ್ ಎಂದು ನಡುಗಿದರು. ಮೇಷ್ಟ್ರ ಬಾಯಿಂದ ಬಂದ ಮಾತು ಶಿಕ್ಷಣ ಇಲಾಖೆಯ ಯಾವ ಅಧಿಕಾರಿಯೂ ಶಾಲೆಯ ಆವರಣದಲ್ಲಿ ಆಡುವಂಥದ್ದಲ್ಲ. ಲಾಯರಮ್ಮ ಕಿವಿ ಮುಚ್ಚಿಕೊಂಡು, ಬೆರಳ ಸಂದಿಯಿಂದ ಕೇಳಿಸಿಕೊಂಡಳು.

ಪೊಲೀಸ್ ಠಾಣೆ ಎರಡು ಶಾಲೆಗಳಿಗೂ ನಟ್ಟನಡುವೆ ಇತ್ತು. ಎರಡು ಕಡೆಯಿಂದ ಎರಡು ಮೆರವಣಿಗೆ ಒಂದೇ ಸಲಕ್ಕೆ ಮೆಟ್ಟಿಲೇರಿತು. ಒಂದರಲ್ಲಿ ಮಿಸ್, ಪುಟ್ಟ, ಹೆಡ್‌ಮೇಡಂ. ಇನ್ನೊಂದರಲ್ಲಿ ಮೇಷ್ಟ್ರು, ಲಾಯರಮ್ಮ, ಬಿಸ್ಕತ್ತಿನ ತಟ್ಟೆ ಇನ್ನೂ ಕೈಬಿಡದ ಪ್ರಿನ್ಸಿಪಾಲರು. ಎಸ್‌ಐ ಆಗತಾನೆ ಷೂ ಸಡಿಲಿಸಿ ಕೂತಿದ್ದರು.

"ನನ್ನ ಮಗನ್ನ ಕದ್ದಿದಾರೆ," ಎಂದರು ಮೇಷ್ಟ್ರು.

"ನನ್ನ ಮಗಳನ್ನ ಕದ್ದಿದಾರೆ," ಎಂದರು ಮಿಸ್.

ಎಸ್‌ಐ ಇಬ್ಬರನ್ನೂ ನೋಡಿದರು. ಇಬ್ಬರ ಕೈಯಲ್ಲಿದ್ದ ಮಕ್ಕಳನ್ನು ನೋಡಿದರು. "ಯಾರು ಕದ್ದಿರೋದು?"

ಇಬ್ಬರೂ ಬೆರಳು ಚಾಚಿದರು. ಬೆರಳು ಚಾಚಿದ ಮೇಲೆ ಇಬ್ಬರಿಗೂ ಒಬ್ಬರ ಕೈಯಲ್ಲಿ ಒಬ್ಬರ ಮಗು ಕಂಡಿತು. ಪುಟ್ಟ ಅಪ್ಪನ ಕಡೆಗೆ, ಲಾಯರಮ್ಮ ಅಮ್ಮನ ಕಡೆಗೆ ಓಡಿದರು.

"ಇವರೇ ಅಮ್ಮ, ಹೊಸ ಸರ್," ಎಂದಳು ಲಾಯರಮ್ಮ.

"ಇವರು ಸರ್ ಅಲ್ಲ ಕಣೇ, ಇನ್‌ಸ್ಪೆಕ್ಟರ್ರು," ಎಂದರು ಮಿಸ್. ಅಂದ ಮೇಲೆ ಮಾತು ಅರ್ಧಕ್ಕೆ ನಿಂತಿತು. ಅವರ ಮುಖದಲ್ಲಿ ಒಂದೊಂದಾಗಿ ಲೆಕ್ಕ ಕೂಡುತ್ತಿದ್ದುದು ಎಲ್ಲರಿಗೂ ಕಾಣಿಸಿತು.

"ಯಾವ ಇನ್‌ಸ್ಪೆಕ್ಟರ್?" ಎಂದರು ಹೆಡ್‌ಮೇಡಂ. "ಇವರು ನಮ್ಮ ಎರಡನೇ ಕ್ಲಾಸಿನ ಮೇಷ್ಟ್ರು. ಪ್ರೊಬೇಷನ್."

ಪ್ರಿನ್ಸಿಪಾಲರು ತಟ್ಟೆಯನ್ನು ಎದೆಗೆ ಅವಚಿಕೊಂಡರು. ಇಷ್ಟು ದಿನ ತಿಂದ ಬಿಸ್ಕತ್ತಿನ ಲೆಕ್ಕ ಕೊಡಬೇಕು, ಹದಿನಾಲ್ಕು ಅಗುಳಿ ಬದಲಾಯಿಸಿದ ಖರ್ಚು ಕೊಡಬೇಕು, ವೇಷ ಹಾಕಿ ಶೌಚಾಲಯ ನೋಡಿದ್ದಕ್ಕೆ ಯಾವ ಸೆಕ್ಷನ್ ಬರುತ್ತದೋ ಅದನ್ನು ಹಾಕಬೇಕು ಎಂದು ಎಸ್‌ಐಯನ್ನು ಒತ್ತಾಯಿಸಿದರು. ಶೌಚಾಲಯ ನೋಡುವುದಕ್ಕೆ ಸೆಕ್ಷನ್ ಇಲ್ಲ ಎಂದರು ಎಸ್‌ಐ.

ಅಷ್ಟರಲ್ಲಿ ಮಿಸ್ಸಿನ ಲೆಕ್ಕ ಮುಗಿದಿತ್ತು.

"ಅಂದ್ರೆ ನೀವು ಬರಲ್ಲ ಅಂತ ನಾನು ನಿಂತೆ. ನಾನು ಬರಲ್ಲ ಅಂತ ನೀವು ನಿಂತ್ರಿ. ನೀವು ಒಂದು ಸುಳ್ಳು ಹೇಳದೆ ಇದ್ದಿದ್ರೆ ಆಯಾ ನಿಲ್ತಿದ್ಲು, ನಾನು ಸ್ಕೂಟರಲ್ಲಿ ಬರ್ತಿದ್ದೆ, ಎಲ್ಲರೂ ಹೊತ್ತಿಗೆ ಮನೆಗೆ ಹೋಗ್ತಿದ್ವಿ. ನಮ್ಮ ಮಾವನ ಕಾಲು ಉಳುಕಿದ್ದೂ ನಿಮ್ಮಿಂದಾನೇ."

"ಕ್ಲಬ್ಬಲ್ಲಿ ಇಸ್ಪೀಟಾಡೋ ಆಫೀಸರು ನಾನೇ ಅಂತ ನನಗೇನು ಗೊತ್ತು?" ಎಂದರು ಮೇಷ್ಟ್ರು. ಇದಕ್ಕಿಂತ ಒಳ್ಳೆಯ ಸಮರ್ಥನೆ ಅವರಲ್ಲಿರಲಿಲ್ಲ.

ಮಿಸ್ ಆಮೇಲೆ ಆಡಿದ ಮಾತುಗಳನ್ನು ಕಾನ್‌ಸ್ಟೇಬಲ್ ಬರೆದುಕೊಳ್ಳಲು ಹೋಗಿ ಕೈಸೋತು ಬಿಟ್ಟ. ಸುಳ್ಳುಗಾರ, ಸೋಗಿನವನು, ಪಾಪ ಪಾಪ ಅನ್ನುವ ಗಂಡಸು ಎಂದೆಲ್ಲ ಅದರಲ್ಲಿತ್ತು. ಮೇಷ್ಟ್ರೂ ಬಿಡಲಿಲ್ಲ. ತನ್ನ ಮಗನನ್ನು ಹೆಲ್ಮೆಟ್ಟಿಲ್ಲದೆ ಸ್ಕೂಟರಿನಲ್ಲಿ ನಿಲ್ಲಿಸಿಕೊಂಡು ಬಂದದ್ದಕ್ಕೆ ಸೆಕ್ಷನ್ ಉಂಟೋ ಇಲ್ಲವೋ ಎಂದರು. ಉಂಟು ಎಂದರು ಎಸ್‌ಐ, ಮೊದಲ ಸಲ ಆಸಕ್ತಿಯಿಂದ. ಬೆಂಚಿನ ಮೇಲೆ ಪುಟ್ಟ ಮತ್ತು ಲಾಯರಮ್ಮ ಪ್ರಿನ್ಸಿಪಾಲರ ತಟ್ಟೆಯಲ್ಲಿದ್ದುದನ್ನು ಸಮಭಾಗ ಮಾಡುತ್ತಿದ್ದರು.

ಆಗ ಹೆಡ್‌ಮೇಡಂ ಕನ್ನಡಕವನ್ನು ಪೆಟ್ಟಿಗೆಗೇ ಹಾಕಿದರು. "ಇದೆಲ್ಲ ನಿಮ್ಮ ನಿಮ್ಮ ವಿಷಯ. ನನಗೆ ಒಂದೇ. ಇವರು ಗೇಟ್ ದಾಟಿದಾರೆ. ನಾಳೆಯಿಂದ ಬರೋದು ಬೇಡ."

ಮೇಷ್ಟ್ರ ಕಣ್ಣ ಮುಂದೆ ತಕ್ಕಡಿ ತೂಗಾಡಿತು. ಬೈಗುಳದ ನಡುವೆಯೇ ಮಿಸ್ ಗಕ್ಕನೆ ತಿರುಗಿದರು. ಅವರ ಸಿಟ್ಟು ಇಳಿದಿರಲಿಲ್ಲ, ದಿಕ್ಕು ಬದಲಿಸಿತ್ತು ಅಷ್ಟೇ.

"ಯಾಕೆ ಮೇಡಂ? ದಾಟಿದ್ದಕ್ಕಾ? ನಾನೂ ದಾಟಿದೀನಿ. ಇವರು ಸುಳ್ಳುಗಾರರು, ಅದು ಬೇರೆ. ಆದ್ರೆ ನನ್ನ ಮಗಳನ್ನ ಒಬ್ಬಳೇ ಬಿಟ್ಟು ಹೋಗಲಿಲ್ಲ. ದಿನಾ ನಿಂತ್ರು. ಇವರನ್ನ ತೆಗೆದ್ರೆ ನಾಳೆ ಅವಳ ಪಕ್ಕ ನೀವು ನಿಲ್ತೀರಾ?"

ಹೆಡ್‌ಮೇಡಂ ನಿಲ್ಲುತ್ತೇನೆ ಎನ್ನಲಿಲ್ಲ. ಅವರಿಗೆ ಸಂಜೆ ಮಂಡಿನೋವು. ಮಗುವನ್ನು ಮನೆಯವರ ಕೈಗೇ ಒಪ್ಪಿಸಿದ್ದಾರೆ, ಪೊಲೀಸರ ಎದುರಿಗೇ ಒಪ್ಪಿಸಿದ್ದಾರೆ, ಬೇಕಾದರೆ ನಾನು ಸಹಿ ಹಾಕಿ ಕೊಡುತ್ತೇನೆ, ದಯವಿಟ್ಟು ಎಲ್ಲರೂ ಹೊರಡಿ ಎಂದು ಎಸ್‌ಐ ಕೈಮುಗಿದರು. ಸಹಿಯ ಎದುರು ನಿಯಮ ಬಾಲ ಮಡಚಿತು.

ಲಾಕರಿನ ಫೋನು ನೋಡಿ, ಗಾಬರಿಯಿಂದ ಶಾಲೆಗೆ ಹೋಗಿ, ಅಲ್ಲಿ ಕೇಳಿ ಠಾಣೆಗೆ ಓಡಿಬಂದ ಮೇಷ್ಟ್ರ ಹೆಂಡತಿ ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಗಂಡ ಇನ್‌ಸ್ಪೆಕ್ಟರನಾಗಿದ್ದ ಸಂಗತಿ ಅವಳಿಗೂ ಆಗಲೇ ತಿಳಿದದ್ದು; ಅದನ್ನು ಮನೆಗೆಂದು ಎತ್ತಿಟ್ಟುಕೊಂಡಳು. ಇಬ್ಬರು ಮುಖ್ಯಸ್ಥರ ಕಡೆಗೆ ತಿರುಗಿ ಒಂದೇ ಮಾತು ಕೇಳಿದಳು.

"ಎರಡು ಸ್ಕೂಲೂ ಒಟ್ಟಿಗೆ ಮೂರೂವರೆಗೇ ಯಾಕೆ ಬಿಡ್ಬೇಕು? ಒಂದು ಸ್ಕೂಲು ಅರ್ಧ ಗಂಟೆ ಮೊದಲು ಬಿಟ್ರೆ ಯಾರೂ ಯಾರನ್ನೂ ಕಾಯೋದೇ ಬೇಡವಲ್ಲ."

ಎಲ್ಲರೂ ಅವಳನ್ನು ನೋಡಿದರು. ಇಷ್ಟು ಸರಳವಾದ ಮಾತನ್ನು ಠಾಣೆಯಲ್ಲಿ ಆಡಬಾರದಿತ್ತೇನೋ. ನಮ್ಮದು ಹಳೆಯ ಶಾಲೆ, ಗಂಟೆ ಬದಲಾಯಿಸಬೇಕಾದ್ದು ಅವರು ಎಂದರು ಹೆಡ್‌ಮೇಡಂ. ನಮ್ಮದು ದೊಡ್ಡ ಶಾಲೆ, ಸಣ್ಣವರು ಬದಲಾಯಿಸಲಿ ಎಂದರು ಪ್ರಿನ್ಸಿಪಾಲರು. ಅರ್ಧ ಗಂಟೆಯ ಮೇಲೆ ಅವರಿಬ್ಬರೂ ಆಡಿದ ಜಗಳದ ಮುಂದೆ ಮಕ್ಕಳ ಕಳ್ಳತನ ಸಪ್ಪೆಯಾಯಿತು. ಮೇಷ್ಟ್ರೂ ಮಿಸ್ಸೂ ಈಗ ಒಂದೇ ಕಡೆ ನಿಂತು, ಒಂದೇ ದನಿಯಲ್ಲಿ ಇಬ್ಬರು ಮುಖ್ಯಸ್ಥರನ್ನೂ ತರಾಟೆಗೆ ತೆಗೆದುಕೊಂಡರು. ಕೊನೆಗೆ ಎಸ್‌ಐ ವಿಷಯವನ್ನು ಶಿಕ್ಷಣಾಧಿಕಾರಿಗಳಿಗೆ, ಈ ಸಲ ನಿಜವಾದ ಶಿಕ್ಷಣಾಧಿಕಾರಿಗಳಿಗೆ, ಬರೆದು ಕೈತೊಳೆದುಕೊಂಡರು.

ಶಿಕ್ಷಣಾಧಿಕಾರಿಗಳು ಅತ್ಯಂತ ನ್ಯಾಯವಂತರು. ಎರಡೂ ಕಡೆಯವರನ್ನು ಬೇರೆ ಬೇರೆಯಾಗಿ ಕರೆಸಿ ವಾದ ಕೇಳಿದರು. ಮೇಷ್ಟ್ರ, ಮಿಸ್ಸಿನ ಮನವಿ ಅವರ ಮನಸ್ಸನ್ನು ಕರಗಿಸಿತು. ಅರ್ಧ ಗಂಟೆ ಮೊದಲು ಬಿಡುವ ಸಲಹೆ ಬಹಳ ಸಮಂಜಸವಾಗಿದೆ ಎಂದು ಆದೇಶದ ಮೊದಲ ಪ್ಯಾರಾದಲ್ಲಿ ಮೆಚ್ಚಿಕೊಂಡರು. ಯಾವುದಾದರೂ ಒಂದು ಶಾಲೆಗೆ ಮಾತ್ರ ಇದನ್ನು ಅನ್ವಯಿಸಿದರೆ ಇನ್ನೊಂದರ ಬಗ್ಗೆ ತಾರತಮ್ಯ ಮಾಡಿದಂತಾಗುತ್ತದೆ, ಆದ್ದರಿಂದ ಸದರಿ ಬದಲಾವಣೆಯನ್ನು ಎರಡೂ ಶಾಲೆಗಳು ಸಮಾನವಾಗಿ ಪಾಲಿಸತಕ್ಕದ್ದು ಎಂದು ಎರಡನೆಯ ಪ್ಯಾರಾದಲ್ಲಿ ಅಪ್ಪಣೆ ಮಾಡಿದರು.

ಹೊಸ ಮೇಷ್ಟ್ರ ಕೆಲಸ ಉಳಿಯಿತು. ಸೋಮವಾರದಿಂದ ಎರಡೂ ಶಾಲೆಗಳು ಮೂರು ಗಂಟೆಗೆ ಬಿಡುತ್ತಿವೆ.